ಕರೀಮುನ್ನೀಸಾ ತಲೆಯಿಟ್ಟ ದಿಂಬು

ಗುಂಡ್ಲುಪೇಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ನೋಟ್‌ಬುಕ್ಕಿನ ಅಂಗಡಿಗೆ ಅಂಟಿಕೊಂಡೇ ಇನಾಯತ್ ಉಲ್ಲಾ ಅವರ ಹಾಸಿಗೆ ಅಂಗಡಿ. ಮೂವತ್ತು ವರ್ಷದಿಂದ ಅವರು ಮಿಷನ್ನಿನಲ್ಲಿ ಅರಳೆ ಹಿಂಜುತ್ತಿದ್ದಾರೆ, ಮೂವತ್ತು ವರ್ಷದಿಂದ ಅದರ ಧೂಳನ್ನು ನಾನು ಪುಸ್ತಕಗಳ ಮೇಲಿಂದ ಕೊಡವುತ್ತಿದ್ದೇನೆ. ಅವರದು ಮಾತು ಕಡಿಮೆ. ಆ ಕೊರತೆ ತುಂಬುವ ಭಾರವನ್ನು ನಾನೇ ಹೊತ್ತುಕೊಂಡಿದ್ದೆ. ಈ ಶಿವರುದ್ರಸ್ವಾಮಿ, ಅಂದರೆ ನಾನು, ಬಾಯಿ ಬಿಟ್ಟರೆ ಬಿಟ್ಟಿ ಉಪದೇಶ ಎಂದು ನನ್ನ ಹೆಂಡತಿ ಯಶೋದಮ್ಮ ಬಂದವರೆದುರಿಗೆಲ್ಲ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಇನಾಯತ್ ಉಲ್ಲಾ ಅವರ ಹೆಂಡತಿ ಕರೀಮುನ್ನೀಸಾ ಮೂರೇ ದಿನದ ಜ್ವರಕ್ಕೆ ತೀರಿಕೊಂಡರು. ಇವರು ಹಿಂಜಿದ ಅರಳೆಗೆ ಗವಸು ಹೊಲಿಯುತ್ತಿದ್ದವರು ಆಕೆಯೇ. ಮೂರನೆಯ ದಿನ ಗೋರಿಯ ಬಳಿ ಜಿಯಾರತ್ ಪ್ರಾರ್ಥನೆ ಮುಗಿಸಿಕೊಂಡು ಬಂದ ಇನಾಯತ್ ಉಲ್ಲಾ ಆಕೆಯ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನನಗೆ ನೋಡಲಾಗಲಿಲ್ಲ.

"ಇನಾಯತ್ ಸಾಬ್ರೇ, ಅದ್ನ ಕಣ್ಮುಂದೆ ಇಟ್ಕಂಡ್ರೆ ಮನ್ಸು ಮೇಲೇಳಕಿಲ್ಲ. ತೆಗ್ದಾಕ್ಬುಡಿ. ಮಿಷನ್ ಆನ್ ಮಾಡಿ, ಕೆಲ್ಸದಲ್ಲಿ ಮರ್ತೋಯ್ತದೆ," ಎಂದೆ.

ಅವರು ಎದ್ದು ಒಳಗೆ ಹೋಗಿ ದಿಂಬಿನ ಹೊಲಿಗೆ ಬಿಚ್ಚಿ ಅರಳೆಯನ್ನೆಲ್ಲ ಮಿಷನ್ನಿಗೆ ಹಾಕಿದರು. ಹಂಗಳದ ಮದುವೆಮನೆಗೆ ಆ ವಾರ ನಾಲ್ಕು ಹಾಸಿಗೆ ಹೊರಟವು. ದಿಂಬಿನ ಅರಳೆ ಅದರಲ್ಲಿ ಯಾವುದಕ್ಕೆ ಸೇರಿತೋ ಅವರಿಗೇ ತಿಳಿಯದು. ಸದ್ಯ ಮನುಷ್ಯ ಗಟ್ಟಿಯಾದನಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ನಲವತ್ತನೆಯ ದಿನದ ಫಾತೇಹಾ ಪ್ರಾರ್ಥನೆಗೆ ಒಬ್ಬಳೇ ಮಗಳು ಸಲ್ಮಾ ಚಾಮರಾಜನಗರದಿಂದ ಮತ್ತೆ ಬಂದಳು. ಅವಳ ಗಂಡನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ತಾಯಿಯ ಸೀರೆ, ಪಾತ್ರೆ ಎಲ್ಲವನ್ನೂ ಬಡವರಿಗೆ ಹಂಚಿದ ಮೇಲೆ, ತನಗೆ ಅಮ್ಮಿ ತಲೆಯಿಟ್ಟ ದಿಂಬು ಒಂದು ಸಾಕು ಎಂದಳು. ಹೊಲಿಗೆ ಬಿಟ್ಟಿದೆ, ಸರಿಮಾಡಿ ತಂದುಕೊಡುತ್ತೇನೆ ಎಂದುಬಿಟ್ಟರು ತಂದೆ. ಅವಳು ಬಸ್ಸು ಹತ್ತಿದ ಮೇಲೆ ನನ್ನ ಬಳಿ ಬಂದರು. ಬಾಯಿಗೆ ಬಿಸಿತುಪ್ಪ ಬಿದ್ದವರ ಹಾಗಿದ್ದರು.

ನನ್ನ ಹತ್ತಿರ ಉಪದೇಶಕ್ಕೆ ಬರವೇ?

"ದಿಂಬಿನ್ ಮೇಲೆ ಎಸ್ರು ಬರ್ದಿರ್ತದಾ? ಅಂತದೇ ಇನ್ನೊಂದು ಮಾಡ್ಕೊಡಿ. ಮಗಳ ಜೀವಕ್ಕೆ ಸಮಾಧಾನ ಆಯ್ತದೆ, ಬುಡಿ."

ಮಾಡಿದರು. ಹಳೇ ಅರಳೆ ಹುಡುಕಿ ತುಂಬಿದರು, ಮಾಸಿದ ಬಟ್ಟೆಯ ಗವಸು ಹೊಲಿದರು. ಕೊನೆಗೆ, ಹೆಂಡತಿ ತಲೆಗೆ ಹಾಕುತ್ತಿದ್ದ ಎಣ್ಣೆಯ ಸೀಸೆಯಲ್ಲಿ ಉಳಿದಿದ್ದ ಅಷ್ಟನ್ನೂ ಅದರ ನಡುವೆ ಸವರಿ, ಮಗಳಿಗೆ ತಲುಪಿಸಿದರು. ಕಸುಬುದಾರರ ಮೋಸವೂ ಅಚ್ಚುಕಟ್ಟು.

ಮಳೆಗಾಲದಲ್ಲಿ ಒಂದು ದಿನ ಅವರು ಮಗಳ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಬಂದು ನನಗೆ ಹೇಳಿದರು. ಮಧ್ಯಾಹ್ನ ಊಟವಾದ ಮೇಲೆ ಸಲ್ಮಾ ಚಾಪೆ ಹಾಸಿ, ಯಾರಿಗೂ ಮುಟ್ಟಗೊಡದ ಆ ದಿಂಬನ್ನು ತಂದು ತಂದೆಯ ತಲೆಯ ಕೆಳಗಿಟ್ಟಳಂತೆ. 'ಒಂದು ಗಳಿಗೆ ಮಲಗಿ ಅಬ್ಬಾ, ಅಮ್ಮಿಯ ವಾಸನೆ ಇನ್ನೂ ಇದೆ' ಎಂದಳಂತೆ. ಇವರು ಕೆಂಡ ತಾಕಿದ ಹಾಗೆ ಎದ್ದು ಕೂತು, ಇದ್ದದ್ದೆಲ್ಲ ಹೇಳಿಬಿಟ್ಟರು.

"ಏನಂದ್ಳು?" ಎಂದೆ.

"'ಯೋಳ್ಬಾರ್ದಾಗಿತ್ತು ಅಬ್ಬಾ, ನನ್ ಪಾಲಿಗೆ ಅಮ್ಮಿ ಇವತ್ತು ಓಗ್ಬುಟ್ಳು' ಅಂದ್ಳು ಸ್ವಾಮಿ. ನಾ ಬರೋವಾಗ ಬಾಗ್ಲಿಗೂ ಬರ್ನಿಲ್ಲ."

ಹೆಂಡತಿಯ ದಿಂಬನ್ನು ನನ್ನ ಮಾತು ಕೇಳಿ ಕಳೆದುಕೊಂಡರು, ಮಗಳನ್ನೂ ನನ್ನ ಮಾತು ಕೇಳಿಯೇ ಕಳೆದುಕೊಂಡರು. ಆ ಪಶ್ಚಾತ್ತಾಪ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ರಂಜಾನ್ ತಿಂಗಳು ಹಿಡಿಯುವ ಮುಂಚೆ ಸಲ್ಮಾ ತಾನಾಗಿಯೇ ಬಂದಳು. ನಾನು ಅವರ ಅಂಗಡಿಯ ಮುಂದೆಯೇ ನಿಂತಿದ್ದೆ. ಇನಾಯತ್ ಉಲ್ಲಾ ಮೆಟ್ಟಿಲ ಮೇಲೆ ಕೂತಿದ್ದರು, ಒಳಗೆ ಮಿಷನ್ ಓಡುತ್ತಿತ್ತು. ಸಲ್ಮಾ ನಿಂತುಕೊಂಡೇ ಮಾತಾಡಿದಳು. ಅವರ ಮನೆಮಾತು ಉರ್ದು. ಗೋಡೆಗೆ ಗೋಡೆ ಅಂಟಿದ ನೆರೆಯವನಾದ ನನಗೆ ಅದು ತಿಳಿಯುತ್ತದೆ.

"ಜ್ವರ ಬಂದ ಮೊದಲ ದಿನ ಅಮ್ಮಿ ಫೋನ್ ಮಾಡಿದ್ದಳು, ಅಬ್ಬಾ. ಬಂದುಹೋಗು ಅಂದಳು. ರೇಷ್ಮೆಗೂಡು ಬಂದು ಬಿದ್ದಿದೆ, ಎರಡು ದಿನ ಬಿಟ್ಟು ಬರ್ತೀನಿ ಅಂದೆ. ಅದಕ್ಕೇ ಆ ದಿಂಬು ಕೇಳಿದ್ದು. ದಿನಾ ಅದಕ್ಕೆ ಮುಖ ಒತ್ತಿ ತಪ್ಪಾಯಿತು ಅಂತಿದ್ದೆ. ಈಗ ಒಂದು ಹೇಳಿ. ಆಮೇಲೆ ಅಮ್ಮಿ ನನ್ನನ್ನು ಕೇಳಿದಳಾ?"

ಇಲ್ಲ ಅನ್ನಿ ಎಂದು ಅವಳ ಬೆನ್ನ ಹಿಂದಿನಿಂದ ನಾನು ಸನ್ನೆ ಮಾಡಿದೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಇನಾಯತ್ ಉಲ್ಲಾ ನನ್ನನ್ನು ನೋಡಿಯೂ ಮುಖ ತಿರುಗಿಸಿದರು.

"ಕೇಳಿದಳು," ಎಂದರು. "ಕೊನೆಯ ದಿನ ಬೆಳಿಗ್ಗೆ, ಸಲ್ಮಾಗೆ ಫೋನ್ ಮಾಡಿ ಕರೆಸಿ ಅಂದಳು. ನೀನು ಆಗ ಹೊರಟಿದ್ದರೂ ಜೀವ ಇರುವಾಗಲೇ ಮುಖ ಸಿಗುತ್ತಿತ್ತು. ಹಂಗಳದ ಹಾಸಿಗೆ ಮುಗಿಸಿ ಮಾಡ್ತೀನಿ ಅಂತ ನಾನು ಮಿಷನ್ ಮುಂದೆ ಕೂತೆ. ಫೋನ್ ಮಾಡಲೇ ಇಲ್ಲ, ಮಗಳೇ."

ಸಲ್ಮಾ ತಂದೆಯ ಮುಖವನ್ನೇ ನೋಡಿದಳು. ಇನ್ನು ಈ ಮನುಷ್ಯನಿಗೆ ಮಗಳೂ ಇಲ್ಲ ಎಂದುಕೊಂಡೆ. ಅವಳು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕುಸಿದು ಕೂತಳು. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಇನಾಯತ್ ಉಲ್ಲಾ ಮಗಳ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ನಾನು ಒಳಗೆ ಹೋಗಿ ಮಿಷನ್ ನಿಲ್ಲಿಸಿ, ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.