ದೋಣಿಯಲ್ಲಿ ಕೂತವನ ಪರವಾಗಿ

ಲಂಡನ್ನಿನ ಥೇಮ್ಸ್ ಹೊಳೆಯಲ್ಲಿ ಹಂಫ್ರಿ ಟಲ್ ಎಂಬ ಅಂಬಿಗನಿದ್ದ. ಹುಟ್ಟು ಹಾಕುವುದರಲ್ಲಿ ಅವನಿಗಿಂತ ಗಟ್ಟಿಗರಿದ್ದರು, ಬೈಯುವುದರಲ್ಲಿ ಇರಲಿಲ್ಲ. ಆ ಹೊಳೆಯ ಮೇಲೆ ಯಾರನ್ನು ಬೇಕಾದರೂ ಬೈಯಬಹುದಿತ್ತು, ದೊರೆಯಾದರೂ ಸರಿ; ದಡ ಹತ್ತಿದ ಮೇಲೆ ಅದರ ಮಾತೆತ್ತುವಂತಿರಲಿಲ್ಲ. ದೋಣಿಯಲ್ಲಿ ಕೂತವರನ್ನು ಯಾರಾದರೂ ಬೈದರೆ ಅಂಬಿಗನೇ ಉತ್ತರ ಕೊಡಬೇಕು. ಸುಮ್ಮನಿದ್ದವನು ಅಂಬಿಗನೇ ಅಲ್ಲ.

ಆ ವರ್ಷ ರಾಜನಿಗೂ ಪಾರ್ಲಿಮೆಂಟಿಗೂ ಜಟಾಪಟಿ. ರಾಜನ ಕಿವಿಯೂದುವ ಒಬ್ಬ ಪ್ರಭುವನ್ನು ತೆಗೆಯಲೇಬೇಕೆಂದು ಪಾರ್ಲಿಮೆಂಟು. ನನ್ನ ಸಲಹೆಗಾರನನ್ನು ಆರಿಸುವವನು ನಾನೆಂದು ರಾಜ. ತೆಗೆಯಿರಿ ಎಂದು ಹೆಂಡದಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಹಂಫ್ರಿಯೇ.

ಒಂದು ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಮೆಟ್ಟಿಲ ಬಳಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡವನೊಬ್ಬ ಅವನ ದೋಣಿ ಹತ್ತಿದ. ನಡುಹೊಳೆಯಲ್ಲಿ ಗೆಳೆಯ ರೇಫನ ದೋಣಿ ಎದುರಾಯಿತು.

"ಲೇ ಹಂಫ್ರಿ! ಯಾರನ್ನ ಹೊತ್ಕೊಂಡು ಹೊಂಟಿದ್ದೀಯ ನೋಡ್ಲಾ! ರಾಜನ ಕಿವಿಗೆ ಕಚ್ಕೊಂಡಿರೋ ಜಿಗಣೆ ಕಣೋ ಅದು!"

ಮನಸ್ಸಿಗಿಂತ ನಾಲಿಗೆ ಮುಂದೆ ಓಡಿತು. "ಜಿಗಣೆಗೂ ರುಚಿ ಗೊತ್ತು ಕಣ್ಲಾ! ನಿನ್ನ ಮೈಗೆ ಬಿಟ್ರೆ ಬಿಯರ್ ಏರಿ ಸತ್ತೇಹೋಗುತ್ತೆ. ನಿನ್ನ ಇಡೀ ಪಾರ್ಲಿಮೆಂಟ್ನ ತಂದು ತೂಗು, ಇವ್ರ ಬೂಟಿಗೆ ಸಮ ಬರಲ್ಲ!"

ಹೊಳೆಯೆಲ್ಲ ನಕ್ಕಿತು. ದಡದಲ್ಲಿದ್ದವರು ನಗಲಿಲ್ಲ. ಮರುದಿನದಿಂದ ಹಂಫ್ರಿಯ ದೋಣಿ ಅವರ ಬಾಯಲ್ಲಿ 'ಅರಮನೆ ದೋಣಿ'ಯಾಯಿತು. ಯಾರೂ ಹತ್ತಲಿಲ್ಲ.

"ಹೋಗಿ ಹೇಳೋ ಮುದುಕಾ, ಅದು ಹೊಳೆ ಮಾತು ಅಂತ," ಎಂದಳು ಹೆಂಡತಿ ಸಿಸ್ಲಿ. "ಒಲೆ ತಣ್ಣಗಾಗ್ತಿದೆ."

"ಹೊಳೆ ಮಾತನ್ನ ದಡದ ಮೇಲೆ ಬಿಡಿಸಿ ಹೇಳೋದಾ? ಸಾಯೋವರೆಗೂ ಅದೇ ಕೆಲಸ ಆಗುತ್ತೆ."

ಕೊನೆಗೆ ರಾಜ ಸೋತ. ಪ್ರಭುವನ್ನು ಹೊಳೆಯ ಮೇಲೆಯೇ ಸೆರೆಮನೆಗೆ ಒಯ್ಯುವುದೆಂದಾಯಿತು. ಹಿಂದಿನ ಸಂಜೆ ರೇಫ್ ಬಂದ. "ನಾಳೆ ಎಲ್ಲಾ ದೋಣಿ ಸೇರ್ತವೆ. ಅವನಿಗೆ ನಾಲ್ಕು ಬೈಗುಳ ಹಾಕಪ್ಪಾ, ಮತ್ತೆ ನಮ್ಮವನಾಗ್ತೀಯ. ನಿನ್ನ ದೋಣಿಗೆ ನಾನೇ ಜನ ಹತ್ತಿಸ್ತೀನಿ."

ಹಂಫ್ರಿ ಹೋದ. ಕಾವಲಿನ ದೋಣಿ ಬಂತು. ಸುತ್ತಲಿಂದ ಬೈಗುಳದ ಸುರಿಮಳೆ. ಪ್ರಭು ಬರಿದಲೆಯಲ್ಲಿ ಕೂತಿದ್ದ. ಆ ದೋಣಿಯ ಅಂಬಿಗ ತಲೆ ತಗ್ಗಿಸಿ ಹುಟ್ಟು ಹಾಕುತ್ತಿದ್ದ, ತುಟಿ ಬಿಚ್ಚಲಿಲ್ಲ. ಎಲ್ಲರೂ ಹಂಫ್ರಿಯ ಕಡೆ ತಿರುಗಿ ಕಾದರು.

"ಥೂ!" ಎಂದ ಹಂಫ್ರಿ, ಆ ಅಂಬಿಗನಿಗೆ. "ದೋಣೀಲಿ ಕೂತವನ ಪರ ಒಂದು ಮಾತಾಡಕ್ಕಾಗಲ್ವೇನೋ ನಿನಗೆ? ಹುಟ್ಟು ಕೆಳಗಿಟ್ಟು ಹೋಗಿ ಕತ್ತೆ ಕಾಯಿ!"

ರೇಫ್ ಕಣ್ಣು ಮುಚ್ಚಿಕೊಂಡ.

ಆಮೇಲೆ ಮನುಷ್ಯರು ಯಾರೂ ಅವನ ದೋಣಿ ಹತ್ತಲಿಲ್ಲ. ಲ್ಯಾಂಬೆತ್ ತೋಟಗಳಿಂದ ಕೋಸುಗಡ್ಡೆ ಸಾಗಿಸಿ ಬದುಕಿದ. ಒಲೆ ಉರಿಯಿತು, ಸಣ್ಣಗೆ. ಕೋಸು ಬಾಡಿದೆಯೆಂದು ಎದುರಿನ ದೋಣಿಯವರು ಕೂಗಿದರೆ ಮಾತ್ರ ಹುಟ್ಟು ನಿಲ್ಲಿಸಿ, ಕೋಸಿನ ಪರವಾಗಿ ಉತ್ತರ ಕೊಟ್ಟೇ ಮುಂದೆ ಹೋಗುತ್ತಿದ್ದ.