ಕಡಲ್ಗಳ್ಳರ ಗಂಟೆ

ಮಂಡಿಯಿಂದ ಕೆಳಗೆ ತಾತನ ಕಾಲುಗಳು ಒನಕೆಯ ಹಾಗಿದ್ದವು. ಎಪ್ಪತ್ತು ದಾಟಿದ್ದರೂ ಮೀನಖಂಡ ಇನ್ನೂ ಬಿಗಿ. ಹುಟ್ಟೂರಿನಲ್ಲಿ ಬ್ರೆಡ್ಡು ತರಲೂ ಮೆಟ್ಟಿಲು, ಮದುವೆಗೂ ಮೆಟ್ಟಿಲು, ಹೆಣ ಹೊರಲೂ ಮೆಟ್ಟಿಲು ಎಂದು ಅವರೇ ಹೇಳುತ್ತಿದ್ದರು. ಇಟಲಿಯ ಕಡಲಂಚಿನಲ್ಲಿ ಗುಡ್ಡಕ್ಕೆ ಕಚ್ಚಿಕೊಂಡಿರುವ ಸಣ್ಣ ಊರು ಅವರದು. ನಾನೂ ನನ್ನ ಮಗಳೂ ಅವರನ್ನು ಇಟಲಿ ತಾತ ಎನ್ನುತ್ತಿದ್ದೆವು.

ತಾತ ನಮಗೆ ಸಿಕ್ಕಿದ್ದು ಟೋಕಿಯೋದ ಕೋಟೋ ಬಡಾವಣೆಯಲ್ಲಿ, ನಮ್ಮ ಫ್ಲ್ಯಾಟಿನ ಹತ್ತಿರದ ಮಾಲಿನಲ್ಲಿ. ಅದರ ಮೂರನೇ ಮಹಡಿಯಲ್ಲಿ ಒಂದು 'ಇಟಲಿ ಬೀದಿ' ಕಟ್ಟಿದ್ದರು. ಪ್ಲಾಸ್ಟಿಕ್ ನಿಂಬೆಹಣ್ಣು, ಬಣ್ಣ ಬಳಿದ ಆಕಾಶ, ಹಗ್ಗ ಇಳಿಬಿಟ್ಟ ಒಂದು ಗಂಟೆ. ಜಪಾನಿ ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ತಾತನಿಗೆ ಹುಲ್ಲಿನ ಟೋಪಿ ಹಾಕಿ ಅಲ್ಲಿ ನಿಲ್ಲಿಸಿದ್ದರು. ಬಂದವರನ್ನು ನೋಡಿ ನಗಬೇಕು, ಬೋರ್ಡಿನಲ್ಲಿ ಬರೆದದ್ದನ್ನು ಹೇಳಬೇಕು, ಅಷ್ಟೇ ಕೆಲಸ. ಜೋಡಿಯಾಗಿ ಗಂಟೆ ಬಾರಿಸಿದರೆ ಪ್ರೀತಿ ಶಾಶ್ವತ ಎಂದು ಬೋರ್ಡು.

ತಾತ ನಗುತ್ತಿದ್ದರು. ಬೋರ್ಡಿನಲ್ಲಿದ್ದದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

"ನಮ್ಮೂರಲ್ಲಿ ಈ ಗಂಟೆ ಹೊಡೆದ್ರೆ ಕಡಲ್ಗಳ್ಳರು ಬಂದ್ರು ಅಂತ ಅರ್ಥ," ಎಂದು ಕೈ ಕೈ ಹಿಡಿದು ನಿಂತ ಜೋಡಿಗೆ ಜಪಾನಿಯಲ್ಲಿ ಹೇಳುವರು. "ಕೈ ಬಿಟ್ಟು ಓಡಿ. ಹಿಡ್ಕೊಂಡು ಮೆಟ್ಲು ಹತ್ತಿದ್ರೆ ಇಬ್ರೂ ಬೀಳ್ತೀರ." ಆಮೇಲೆ ಅಜ್ಜಿ ಹೇಳಿದ್ದ ಊರಿನ ಕಥೆ ಶುರು. ಕಡಲಿಗೆ ಮುಖಮಾಡಿದ ಕಾವಲು ಗೋಪುರ. ಕಳ್ಳರು ಎಡವಲೆಂದೇ ಒಂದೊಂದನ್ನೂ ಒಂದೊಂದು ಎತ್ತರಕ್ಕೆ ಕಟ್ಟಿದ ಮೆಟ್ಟಿಲುಗಳು. ಹೆಂಗಸರು ತಲೆಯ ಮೇಲೆ ಮಣ್ಣು ಹೊತ್ತು ಬಂಡೆಯ ಮೇಲೆ ಎಬ್ಬಿಸಿದ ನಿಂಬೆ ತೋಟ. ಹೊಟ್ಟೆಪಾಡಿಗೆ ಹಡಗು ಹತ್ತಿದ ಅರ್ಧ ಊರು, ಅವರು ಕಳಿಸಿದ ದುಡ್ಡಿನಲ್ಲಿ ಎದ್ದ ಚರ್ಚಿನ ಹಸಿರು ಗುಮ್ಮಟ. "ಚೆಂದ ಕಾಣ್ಲಿ ಅಂತ ಯಾರೂ ಕಟ್ಲಿಲ್ಲ, ಬದುಕ್ಬೇಕು ಅಂತ ಕಟ್ಟಿದ್ರು. ಚೆಂದ ಆಮೇಲೆ ಬಂತು, ನಿಮ್ಮ ಕ್ಯಾಮೆರಾ ಜೊತೆ."

ಮ್ಯಾನೇಜರ್ ಬಂದು ಬಾಗಿದ. "ಸುಮಿಮಾಸೆನ್, ದಯವಿಟ್ಟು ಬೋರ್ಡಲ್ಲಿ ಇರೋದನ್ನೇ ಹೇಳಿ. ಇಲ್ಲಾಂದ್ರೆ ಕೆಲಸ ಉಳಿಯಲ್ಲ."

"ಬೋರ್ಡಿಗೆ ಅಜ್ಜಿ ಇರ್ಲಿಲ್ಲ," ಎಂದರು ತಾತ. "ನನಗಿದ್ಲು."

ನನಗೆ ಅವರ ಈ ಮೊಂಡುತನ ಕಂಡರೆ ಹೊಟ್ಟೆಕಿಚ್ಚು. ಜಪಾನಿಗೆ ಬಂದು ನಾನು ಮೊದಲು ಕಲಿತ ಪದವೇ ಸುಮಿಮಾಸೆನ್, ಕ್ಷಮಿಸಿ. ಲಿಫ್ಟಿನಲ್ಲಿ, ಆಫೀಸಿನಲ್ಲಿ, ಕೊಂಬಿನಿ ಅಂಗಡಿಯಲ್ಲಿ, ಕೊನೆಗೆ ನನ್ನ ಕಾಲನ್ನು ಯಾರಾದರೂ ತುಳಿದರೂ ನಾನೇ ಸುಮಿಮಾಸೆನ್. ಕೇಳಿಸಿಕೊಂಡಾಗಲೆಲ್ಲ ತಾತ ಬಗ್ಗಿ ನೆಲ ನೋಡುವರು. "ಈಗ ಯಾರ ಕಾಲು ತುಳಿದೆ?"

ಮಗಳ ಶಾಲೆಯಲ್ಲಿ 'ನಿಮ್ಮ ದೇಶ' ಎಂಬ ದಿನ ಬಂತು. ನಾನು ರಟ್ಟಿನಲ್ಲಿ ತಾಜ್ ಮಹಲ್ ಮಾಡಿಕೊಟ್ಟೆ. ಆಗ್ರಾವನ್ನು ನಾನು ಕಣ್ಣಿಂದ ಕಂಡವಳಲ್ಲ. ತಾತ ಅದನ್ನು ತಿರುಗಿಸಿ ನೋಡಿ ಮಗಳನ್ನು ಕೇಳಿದರು, "ಇದು ನಿಮ್ಮೂರಾ?"

ಅವಳು ತಲೆಯಾಡಿಸಿದಳು, ಅಲ್ಲ ಎಂದು.

"ಮತ್ತೆ ಇದನ್ನ ನೀನ್ಯಾಕೆ ಹೊರ್ತೀಯ? ನಿಮ್ಮಜ್ಜಿಯರು ಏನು ಮಾಡಿದ್ರು, ಅದು ಹೇಳು."

ಅವತ್ತು ನನ್ನ ಅಜ್ಜಿಯ ಕಥೆ ಅವಳಿಗೆ ಹೇಳಿಕೊಟ್ಟೆ. ಮೈಸೂರಿನ ನಮ್ಮ ಬೀದಿಯ ನಲ್ಲಿ ಕೀಳಲು ಬಂದವರೆದುರು ಬಿಂದಿಗೆ ಇಟ್ಟುಕೊಂಡು ಕೂತವಳು, ನಲ್ಲಿ ಉಳಿಯುವ ತನಕ ಏಳಲಿಲ್ಲ. ಮಗಳು ಅದನ್ನೇ ಜಪಾನಿಯಲ್ಲಿ ತರಗತಿಗೆ ಹೇಳಿದಳು. "ತಾಜ್ ಮಹಲ್ ತರಲಿಲ್ಲವಾ?" ಎಂದು ಟೀಚರ್ ಕೇಳಿದ್ದಕ್ಕೆ, "ಅದು ನಮ್ಮೂರಲ್ಲ" ಎಂದಳಂತೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ತಿಂಗಳು ಮ್ಯಾನೇಜರ್ ತೀರ್ಮಾನ ಹೇಳಿದ. ಇನ್ನು ಮೇಲೆ ಮಾತು ಸ್ಪೀಕರಿನಲ್ಲಿ ಬರುತ್ತದೆ, ತಾತ ಸುಮ್ಮನೆ ನಗುತ್ತ ನಿಂತರೆ ಸಾಕು. ತಾತ ಟೋಪಿ ತೆಗೆದು ಬೋರ್ಡಿನ ತಲೆಗೆ ಹಾಕಿದರು.

"ನಗೋದನ್ನೂ ರೆಕಾರ್ಡ್ ಮಾಡ್ಕೊಳ್ಳಿ."

ಎಸ್ಕಲೇಟರ್ ಬಿಟ್ಟು, ಮೂಲೆಯ ಮೆಟ್ಟಿಲು ಇಳಿದು ಹೋದರು.

ಆ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಕೇಳಿದ್ದು ಒಂದೇ.

"ಗಂಟೆ ಹೊಡೀತಿದಾರಾ?"

"ಹೊಡೀತಿದಾರೆ ತಾತ."

"ಯಾರಾದ್ರೂ ಓಡಿದ್ರಾ?"

"ಇಲ್ಲ."

"ದಡ್ಡರು," ಎಂದು ಕಣ್ಣು ಮುಚ್ಚಿದರು. ಅದೇ ವಾರ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದು ಬಹಳ ಅತ್ತೆ.

ಕಳೆದ ಭಾನುವಾರ ಮಗಳು ಹಟ ಹಿಡಿದಳೆಂದು ಆ ಬೀದಿಗೆ ಹೋದೆ. ಸ್ಪೀಕರು ಶಾಶ್ವತ ಪ್ರೀತಿಯ ಪಾಠ ಒಪ್ಪಿಸುತ್ತಿತ್ತು. ಗಂಟೆಯ ಮುಂದೆ ಜೋಡಿಗಳ ಸಾಲು. ನಾನು ನೋಡುನೋಡುತ್ತಿದ್ದಂತೆ ಮಗಳು ಸಾಲಿನ ಮುಂದೆ ನುಗ್ಗಿ, ಎರಡೂ ಕೈಯಲ್ಲಿ ಹಗ್ಗ ಜಗ್ಗಿ, ಇಡೀ ಮಹಡಿಗೆ ಕೇಳುವಂತೆ ಜಪಾನಿಯಲ್ಲಿ ಕೂಗಿದಳು.

"ಕಡಲ್ಗಳ್ಳರು ಬಂದ್ರು! ಕೈ ಬಿಟ್ಟು ಓಡಿ!"

ಮ್ಯಾನೇಜರ್ ಓಡಿ ಬಂದ. ಸಾಲಿನಲ್ಲಿದ್ದವರೆಲ್ಲ ತಾಯಿ ಯಾರೆಂದು ಹುಡುಕಿ ನನ್ನನ್ನೇ ನೋಡಿದರು. ನಾನು ಹೇಳಬೇಕಾದ ಪದಕ್ಕೆ ಕಾದರು. ನಾನು ಬಗ್ಗಿ ನೆಲ ನೋಡಿದೆ. ಯಾರ ಕಾಲನ್ನೂ ತುಳಿದಿರಲಿಲ್ಲ.

"ಇನ್ನೊಂದ್ಸಲ ಹೊಡಿ ಮಗಳೇ," ಎಂದೆ.