ಅವ್ವ ಬೇಯಿಸಿದ ತತ್ತಿ

ತತ್ತಿ ಬೇಯುವ ವಾಸನೆ ಬಹಳ ಮಂದಿಗೆ ಹಿಡಿಸುವುದಿಲ್ಲ. ನನಗೆ ಮಾತ್ರ ಅದು ಎಲ್ಲಿ ಮೂಗಿಗೆ ಬಡಿದರೂ, ಬಸ್ ಸ್ಟ್ಯಾಂಡಿನ ತಳ್ಳುಗಾಡಿಯ ಬದಿಯಲ್ಲಾಗಲಿ, ಯಾವುದೋ ಊರಿನ ಖಾನಾವಳಿಯ ಹಿಂಬದಿಯಲ್ಲಾಗಲಿ, ಅದರ ಬೆನ್ನಿಗೇ ಹತ್ತಿಕಟ್ಟಿಗೆಯ ಹೊಗೆಯೂ ಬಂದಂತಾಗುತ್ತದೆ. ಹೊಗೆಯ ಹಿಂದೆ ಕುಬಿಹಾಳದ ನಮ್ಮ ಮನೆಯ ಹಿತ್ತಲು. ಬೆಳಕು ಹರಿಯುವ ಮುಂಚಿನ ಹೊತ್ತು, ಕೊಟ್ಟಿಗೆಯ ಆಚೆ ಮೂರು ಕಲ್ಲಿನ ಒಂದು ಒಲೆ, ಅದರ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತ ನನ್ನ ಅವ್ವ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಪೂಜೆ ಆಗುವ ತನಕ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಅಂಥ ಮನೆಗೆ ತತ್ತಿ ಬಂದದ್ದು ನನ್ನ ಸಲುವಾಗಿ. ನನಗಾಗ ಹದಿನಾರು ವರ್ಷ, ಮತ್ತು ನಾನು ಕಮಾಂಡೋ ಆಗಬೇಕೆಂದು ಹಟ ಹಿಡಿದಿದ್ದೆ.

ಆ ಹಟ ಹುಟ್ಟಿದ್ದು ಬಸು ಕಾಕಾನಿಂದ. ಬಸು ಕಾಕಾ ಅಪ್ಪನ ತಮ್ಮ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಮದುವೆಯಾಗದೆ ಉಳಿದು, ಒಂದು ಕಬ್ಬಿಣದ ಪೆಟ್ಟಿಗೆಯೊಡನೆ ನಮ್ಮ ಮನೆಗೆ ಮರಳಿದವನು. ಊರಿನ ಮಂದಿ ಅವನನ್ನು ಮಿಲಿಟರಿ ಬಸಪ್ಪ ಎಂದು ದೊಡ್ಡವನನ್ನಾಗಿ ಮಾಡಿದ್ದರು. ಆದರೆ ಅವನ ಎದೆಯಲ್ಲಿ ಒಂದು ಮುಳ್ಳಿತ್ತು. ಸೈನ್ಯಕ್ಕೆ ಸೇರಿದ ಮೂರನೆಯ ವರ್ಷ ಅವನು ಕಮಾಂಡೋ ಪಡೆಗೆ ತಾನಾಗಿಯೇ ಹೆಸರು ಕೊಟ್ಟಿದ್ದ. ಆ ಪಡೆಗೆ ಹೋದವರನ್ನು ತಿಂಗಳುಗಟ್ಟಲೆ ಹಣ್ಣಾಗಿಸಿ ನೋಡುತ್ತಾರೆ. ತಡೆದುಕೊಂಡವರ ತಲೆಗೆ ಕೆಂಪು ಟೋಪಿ, ತಡೆದುಕೊಳ್ಳದವರಿಗೆ ಬಂದ ದಾರಿಯೇ. ಕಾಕಾ ಮೂರನೆಯ ವಾರಕ್ಕೇ ತಿರುಗಿ ಬಂದಿದ್ದ. ಕಾಲು ಸೋತಿರಲಿಲ್ಲ, ಮನಸ್ಸು ಸೋತಿತು ಎಂದು ನನ್ನೊಬ್ಬನಿಗೆ ಹೇಳಿದ್ದ. ಒಂದು ಸಂಜೆ ಊಟಕ್ಕೆ ಕುಳಿತಾಗ ನಾನು ಆ ಟೋಪಿ ತೊಡುತ್ತೇನೆ ಎಂದೆ. ಅಪ್ಪ ತಲೆ ಎತ್ತಲಿಲ್ಲ. ಕಾಕಾ ಮಾತ್ರ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟು ನನ್ನನ್ನು ಬಹಳ ಹೊತ್ತು ನೋಡಿದ.

ಮರುದಿನದಿಂದ ನನ್ನ ಮೈ ನನ್ನದಾಗಿ ಉಳಿಯಲಿಲ್ಲ. ಚುಕ್ಕೆ ಮಾಸುವ ಮೊದಲೇ ಎದ್ದು ಯರಗುಪ್ಪಿಯ ದಾರಿ ಹಿಡಿದು ಓಡಬೇಕು; ಬೆನ್ನ ಮೇಲೆ ಜೋಳ ತುಂಬಿದ ಚೀಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ ಅಂಗಾಲು ಸೀಳುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಹೆಜ್ಜೆಗೊಂದು ಪದರದಂತೆ ಮೆತ್ತಿಕೊಂಡು, ಒಂದು ಹರದಾರಿ ಹೋಗುವಷ್ಟರಲ್ಲಿ ಒಂದೊಂದು ಕಾಲೂ ಒಂದೊಂದು ಬೀಸುವ ಕಲ್ಲಾಗುತ್ತಿತ್ತು. ಕೆರೆದು ತೆಗೆಯಲು ಕಾಕಾ ಬಿಡುತ್ತಿರಲಿಲ್ಲ. ಎರೆಯಲ್ಲಿ ಓಡಿದವನಿಗೆ ಜಗತ್ತಿನ ಯಾವ ನೆಲವೂ ಹಗುರ ಎನ್ನುತ್ತಿದ್ದ. ಮನೆಗೆ ಬಂದರೆ ಕೊಟ್ಟಿಗೆಯ ತೊಲೆಗೆ ಜೋತು ಬಿದ್ದು ಗದ್ದ ಮುಟ್ಟಿಸುವುದು, ಆಮೇಲೆ ಹಿತ್ತಲಲ್ಲಿ ದಂಡ ಹೊಡೆಯುವುದು. ನೂರರ ಎಣಿಕೆ ಮುಗಿಯುವ ತನಕ ಏನೇ ಆದರೂ ಏಳಕೂಡದು. ನಡುವೆ ಎದ್ದರೆ ಮತ್ತೆ ಒಂದರಿಂದ. ಬಿಸಿಲು ನೆತ್ತಿಗೇರಿದಾಗ ಕಣದ ನಡುವೆ ಕೂರಿಸಿ, ಎದುರಿಗೆ ತಣ್ಣೀರಿನ ತಂಬಿಗೆ ಇಟ್ಟು, ಅದನ್ನು ನೋಡುತ್ತ ಸುಮ್ಮನಿರು ಎನ್ನುತ್ತಿದ್ದ. ನೊಣ ಕಣ್ಣಂಚಿಗೆ ಕೂತರೂ ಕೈ ಏಳಬಾರದು. ಸಂಶಿಯ ಕಾಲೇಜಿನಲ್ಲಿ ಹುಡುಗರು ನನ್ನ ಕ್ಷೌರದ ತಲೆ ನೋಡಿ ಆಡಿಕೊಂಡಾಗ ನಾನು ಸಿಟ್ಟಿಗೆದ್ದೆನೋ ಇಲ್ಲವೋ ಎಂದು ಪ್ರತಿ ಸಂಜೆ ವಿಚಾರಿಸುತ್ತಿದ್ದ. ಮೈಗೆ ನೋವಾಗುವುದು ಬೇರೆ, ಅದನ್ನು ಮನಸ್ಸಿಗೆ ಮುಟ್ಟಗೊಡುವುದು ಬೇರೆ ಎಂಬುದು ಅವನ ಪಾಠ. ನಾನು ಬೇಗ ಕಲಿತೆ.

ಜೋಳದ ರೊಟ್ಟಿ, ಕಾಳುಪಲ್ಲೆಯಿಂದ ಇದಾಗುವುದಿಲ್ಲ ಎಂದು ಕಾಕಾನೇ ಸಂಶಿಯಿಂದ ಮೊದಲ ಸಲ ತತ್ತಿ ತಂದ. ಆಯಿ ಆ ಚೀಲವನ್ನು ಕೋಲಿನಿಂದ ಎತ್ತಿ ಅಂಗಳಕ್ಕೆ ಎಸೆದಳು. ಒಡೆದ ತತ್ತಿಗಳ ಹಳದಿಯೆಲ್ಲ ಮಣ್ಣಿನಲ್ಲಿ ಹರಿಯಿತು. ಮೂರನೆಯ ದಿನ ಅವ್ವ ಯಾರಿಗೂ ಏನೂ ಹೇಳದೆ ಕೊಟ್ಟಿಗೆಯ ಆಚೆ ಮೂರು ಕಲ್ಲು ಹೂಡಿದಳು. ಒಂದು ಹಳೆಯ ಅಲ್ಯೂಮಿನಿಯಂ ಬೋಗುಣಿಯನ್ನು ಅದಕ್ಕೇ ಎಂದು ಬೇರೆ ಇಟ್ಟಳು. ಜನ್ಮದಲ್ಲಿ ತತ್ತಿ ಮುಟ್ಟದ ಹೆಂಗಸು, ಎಷ್ಟು ಹೊತ್ತು ಬೇಯಬೇಕೆಂಬುದು ಗೊತ್ತಿಲ್ಲದೆ ಮೊದಲ ದಿನ ನೀರೆಲ್ಲ ಇಂಗುವ ತನಕ ಕುದಿಸಿದಳು. ಆಮೇಲೆ ಹದ ಸಿಕ್ಕಿತು. ನಾನು ಓಡಿ ಬರುವ ಹೊತ್ತಿಗೆ ಸಿಪ್ಪೆ ಸುಲಿದು, ಚೂರು ಉಪ್ಪು ಹಚ್ಚಿ, ಮುತ್ತಲ ಎಲೆಯ ಮೇಲೆ ಇಟ್ಟಿರುತ್ತಿದ್ದಳು. ನಾನು ತಿಂದಾದ ಮೇಲೆ ಬಾವಿಗೆ ಹೋಗಿ ತಣ್ಣೀರಿನಲ್ಲಿ ಮಿಂದು ಬಂದೇ ಅಡುಗೆಮನೆಗೆ ಕಾಲಿಡುತ್ತಿದ್ದಳು, ಆಯಿಯ ಮನಸ್ಸಿಗೆ ನೋವಾಗಬಾರದೆಂದು. ಮಾಗಿಯ ಚಳಿಯಲ್ಲೂ. ಎರಡು ವರ್ಷ ಹೀಗೆ ನಡೆಯಿತು. ಅವಳು ದಿನಕ್ಕೆ ಎರಡು ಸಲ ಮೀಯುತ್ತಾಳೆಂಬುದು ನನಗೆ ಗೊತ್ತಿತ್ತು. ಅದರ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ.

ನಿಮ್ಮ ಎಳೆತನದಲ್ಲೂ ಇಂಥ ಒಂದು ಬೆಳಗು ಇರಬಹುದು, ಆಗ ಏನೂ ಅನ್ನಿಸದೆ ದಾಟಿ ಹೋಗಿ, ಈಗ ಬಿಡದೆ ಕಾಡುವಂಥದು. ನನ್ನದು ಇದು. ಸೈನ್ಯದ ಭರ್ತಿಗೆ ಮೂರು ತಿಂಗಳು ಉಳಿದಿತ್ತು. ನಾನು ಹಿತ್ತಲಲ್ಲಿ ದಂಡ ಹೊಡೆಯುತ್ತಿದ್ದೆ. ಅವ್ವ ಬಾವಿಯಿಂದ ನೀರು ಸೇದಿ ಕೊಡ ತುಂಬಿಸಿ, ಅದನ್ನು ಎತ್ತಲು ಬಗ್ಗಿ, ಹಾಗೆಯೇ ನಿಂತಳು.

“ಈರಣ್ಣಾ, ಈ ಕೊಡಾ ಒಂದೀಟ ಎತ್ತಿಕೊಡ್ತೀಯೇನಪಾ?”

ಎರಡು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ತಲೆ ಎತ್ತದೆ, ಉಸಿರಿನ ನಡುವೆ, “ತಡಿಯಬೇ, ಎಣಿಕಿ ತಪ್ಪತೈತಿ” ಎಂದೆ. ನಲವತ್ತೇಳಕ್ಕೆ ಬಂದಿದ್ದೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಅರ್ಧ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಉಳಿದ ಅರ್ಧ ಕೊಡವನ್ನು ಎಡಗಡೆಯ ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ನಾನು ನೂರು ಮುಗಿಸಿ ಎದ್ದೆ. ಹಿತ್ತಲ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡಿದ್ದ ಕಾಕಾ ಆ ದಿನ ಶಹಬ್ಬಾಸ್ ಎನ್ನಲಿಲ್ಲ. ಎದ್ದು ಹೊಲದ ಕಡೆ ನಡೆದುಬಿಟ್ಟ.

ಕಾಕಾನಿಗೆ ಗೊತ್ತಿತ್ತು. ಆ ಹೊತ್ತಿಗಾಗಲೇ ಅವ್ವನ ಬಲಗೈ ಮೇಲೇಳುತ್ತಿರಲಿಲ್ಲ. ಎದೆಯಲ್ಲಿ ಗಂಟು, ಕಂಕುಳಲ್ಲಿ ಇನ್ನೊಂದು. ಅಪ್ಪನಿಗೆ ಹೇಳಿದರೆ ಮುಖದಲ್ಲಿ ಮುಚ್ಚಿಡಲಾರ ಎಂದು ಅವಳು ಮೈದುನನನ್ನೇ ಕರೆದುಕೊಂಡು, ಸಂತೆಗೆ ಹೋಗುವ ನೆವದಲ್ಲಿ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಿದ್ದಳು. ಡಾಕ್ಟರು ತಡ ಮಾಡಬೇಡಿ, ಈ ವಾರವೇ ಆಪರೇಶನ್ ಆಗಲಿ ಎಂದಿದ್ದರಂತೆ. ಹುಡುಗನ ಭರ್ತಿ ಮುಗಿಯಲಿ, ಮೂರೇ ತಿಂಗಳು ಎಂದು ಅವ್ವ ಕಾಕಾನಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಳಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನಾನು ಭರ್ತಿಗೆ ಹೊರಡುವ ದಿನ ಹಿತ್ತಲ ಒಲೆಯ ಮುಂದೆ ಅವ್ವ ಇರಲಿಲ್ಲ. ಆಯಿ ಕೂತಿದ್ದಳು. ತೊಂಬತ್ತರ ಹತ್ತಿರದ ಮುದುಕಿ, ಮೂಗಿಗೆ ಸೆರಗು ಕಟ್ಟಿಕೊಂಡು ತತ್ತಿಯ ಸಿಪ್ಪೆ ಸುಲಿಯುತ್ತಿದ್ದಳು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು. “ತಿನ್ನು. ನಿಮ್ಮವ್ವಗ ಮೈಯಾಗ ಆರಾಮಿಲ್ಲ, ಮಲಗ್ಯಾಳ” ಎಂದಷ್ಟೇ ಹೇಳಿದಳು. ಕಡೆಗೂ ಆಯಿ ನನ್ನ ಹಾದಿಗೆ ಬಂದಳು ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತೇ ಹೊರತು, ಜೀವಮಾನದ ಮಡಿಯನ್ನು ಮುರಿದು ಈಕೆ ಯಾಕೆ ಈ ಒಲೆಯ ಮುಂದೆ ಬಂದು ಕೂತಳು ಎಂಬ ಪ್ರಶ್ನೆ ಏಳಲಿಲ್ಲ. ಒಳಗೆ ಹೋಗಿ ಅವ್ವನ ಕಾಲು ಮುಟ್ಟಿದೆ. ಕಂಬಳಿ ಕೊರಳ ತನಕ ಎಳೆದುಕೊಂಡಿದ್ದಳು. ಎಡಗೈಯನ್ನು ತಲೆಯ ಮೇಲಿಟ್ಟು, ಹಿಂದೆ ನೋಡಬೇಡ, ಓಡು ಎಂದಳು. ಅದು ಕಾಕಾನ ಮಾತು. ಅವಳ ಬಾಯಲ್ಲಿ ಅದನ್ನು ಕೇಳಿ ನನಗೆ ನಗು ಬಂತು.

ದೂರದ ಊರಿನ ಮೈದಾನದಲ್ಲಿ ಸಾವಿರಾರು ಹುಡುಗರ ನಡುವೆ ಓಡಿದೆ. ಎರೆಯಲ್ಲಿ ಓಡಿದ ಕಾಲಿಗೆ ಆ ಗಟ್ಟಿ ನೆಲ ಏನೂ ಅನ್ನಿಸಲಿಲ್ಲ. ನಮ್ಮ ಗುಂಪಿನಲ್ಲಿ ಮೊದಲನೆಯವನಾಗಿ ಬಂದೆ. ಎದೆ ಅಳೆದರು, ಕಣ್ಣು ನೋಡಿದರು, ಎಲ್ಲದರಲ್ಲೂ ಪಾಸಾದೆ. ಮೂರನೆಯ ದಿನ ಸಂಶಿಯಲ್ಲಿ ಬಸ್ಸಿಳಿದರೆ ಕಾಕಾ ನಿಂತಿದ್ದ. ಆಯ್ಕೆಯಾದೆನೆಂದು ಹೇಳಿದೆ. ಅವನು ನನ್ನ ಚೀಲ ಇಸಕೊಂಡ. ಹಾಗೆ ಎಂದೂ ಮಾಡಿದವನಲ್ಲ. “ಊರಿಗಿ ಬ್ಯಾಡ, ಹುಬ್ಬಳ್ಳಿಗಿ ಹೋಗೂಣು” ಎಂದ. ದಾರಿಯಲ್ಲಿ, ಬಸ್ಸಿನ ಸದ್ದಿನ ನಡುವೆ, ಕಿಟಕಿಯ ಕಡೆ ಮುಖ ಮಾಡಿ ಎಲ್ಲ ಹೇಳಿದ.

ಆಸ್ಪತ್ರೆಯ ಮಂಚದ ಮೇಲೆ ಅವ್ವ ಒಂದು ಹಿಡಿಯಾಗಿದ್ದಳು. ಅವಳು ಸೊರಗಿದ್ದು ಒಂದೇ ದಿನದಲ್ಲೇನೂ ಅಲ್ಲ. ನಾನು ನೋಡಿದ್ದು ಆ ದಿನ. ಈಗ ಕೊಯ್ದು ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮೂರು ತಿಂಗಳ ಹಿಂದೆ ಮಾಡಿಸಿದ್ದರೆ ಎಂದು ಅಪ್ಪ ಕೇಳಿದಾಗ, ಹೇಳಲಾಗದು ಎಂದರು. ಆ ‘ಹೇಳಲಾಗದು’ ನಮ್ಮ ಮನೆಯಲ್ಲಿ ಬಹಳ ವರ್ಷ ಬಾಳಿತು. ನಾನು ಅವ್ವನ ಬದಿಗೆ ಕೂತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ನೀ ಓಡತಿದ್ದೇನು? ಎಲ್ಲಾ ಬಿಟ್ಟು ನನ್ನ ಬಾಜೂಕ ಬಂದು ಕುಂದರತಿದ್ದಿ.”

ಅವಳ ಮುಖದಲ್ಲಿ ಅದರ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮಗ ನಿಂತುಬಿಡುತ್ತಿದ್ದ ಎಂದು ಅವಳು ಪೂರ್ತಿ ನಂಬಿದ್ದಳು. ಒಂದು ಕೊಡ ಎತ್ತಿಕೊಡಲು ನಿಲ್ಲದವನು ನಾನು. ಹೌದಬೇ, ನಿಲ್ಲತಿದ್ನಿ ಎಂದೆ. ನಾನು ಅವಳಿಗೆ ಕೊಟ್ಟ ಕಡೆಯ ಮಾತು ಹೆಚ್ಚುಕಡಿಮೆ ಅದೇ. ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ.

ಹನ್ನೊಂದು ದಿನ ಇದ್ದಳು. ನಮ್ಮ ಹೊಲದಲ್ಲೇ, ಬೇವಿನ ಮರದಿಂದ ಸ್ವಲ್ಪ ದೂರ, ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಅಪ್ಪ ನೆಲಕ್ಕೆ ಬಿದ್ದು ಅತ್ತ. ಆಯಿಯನ್ನು ಇಬ್ಬರು ಹಿಡಿದಿದ್ದರು. ನಾನು ಬಿಲ್ವದ ಎಲೆ ಹಾಕಿದೆ, ವಿಭೂತಿ ಹಾಕಿದೆ, ಹಿಡಿಮಣ್ಣು ಹಾಕಿದೆ. ಕಣ್ಣಲ್ಲಿ ನೀರು ಬರಲಿಲ್ಲ. ಬರಲಿ ಎಂದು ಕಾದೆ. ಕಣದ ಬಿಸಿಲಿನಲ್ಲಿ ಕೂತಾಗಿನಂತೆ ಒಳಗೆ ಎಲ್ಲವೂ ದೂರದಲ್ಲಿತ್ತು. ಗಟ್ಟಿ ಹುಡುಗ ಎಂದು ಯಾರೋ ಅಂದರು. ಆ ಸಂಜೆ ನಾನೊಬ್ಬನೇ ಕಣದಲ್ಲಿ ಕೂತಿದ್ದಾಗ ಕಾಕಾ ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತ.

“ಅಳಲೇ ಈರ್ಯಾ,” ಎಂದ. “ಒಂದ ಸಲ ಅಳು. ನಿನ್ನ ಗಟ್ಟಿ ಮಾಡಾಕ ಹೋಗಿ ನಿಮ್ಮವ್ವಗ ಮಗಾ ಇಲ್ದಂಗ ಮಾಡಿದ್ನಿ.”

ನಾನು ಅಳಲಿಲ್ಲ. ಅವನೇ ಅತ್ತ. ಹದಿನೇಳು ವರ್ಷ ಬಂದೂಕು ಹಿಡಿದ ಮನುಷ್ಯ, ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಅವನ ಬೆನ್ನ ಮೇಲೆ ಕೈ ಇಡಬೇಕೆಂಬುದು ನನಗೆ ತಿಳಿಯಿತು, ಇಟ್ಟೆ. ಆದರೆ ತಿಳಿದು ಇಟ್ಟ ಕೈ ಅದು.

ಸೈನ್ಯದಿಂದ ಕಾಗದ ಬಂತು, ನಾನು ಹೋದೆ. ಬೇಡವೆನ್ನಲು ಯಾರಿಗೂ ಬಾಯಿ ಇರಲಿಲ್ಲ. ಅವಳು ತನ್ನ ಮೂರು ತಿಂಗಳನ್ನು ಅದಕ್ಕೇ ಕೊಟ್ಟಿದ್ದಳಲ್ಲ. ಎರಡು ವರ್ಷದ ಮೇಲೆ ಕಮಾಂಡೋ ಪಡೆಗೆ ಹೆಸರು ಕೊಟ್ಟೆ. ಅಲ್ಲಿ ನಮ್ಮನ್ನು ನಿದ್ದೆಗೆಡಿಸಿದರು, ಉಪವಾಸ ಕೆಡವಿದರು, ಹೊರೆ ಹೊರಿಸಿ ಕಾಡಿನಲ್ಲಿ ಓಡಿಸಿದರು. ನನಗಿಂತ ಬಲವುಳ್ಳ ಹುಡುಗರು ಮನೆಯ ನೆನಪಾಗಿ ಮುರಿದು ತಿರುಗಿ ಹೋದರು. ನಾನು ಮುರಿಯಲಿಲ್ಲ. ಟೋಪಿ ತಲೆಗೇರಿದ ದಿನ ಊರಿಗೆ ಫೋನು ಮಾಡಿದೆ. ಕಾಕಾ ಛಲೋ ಆತು ಎಂದ.

ಆ ಟೋಪಿ ತೊಟ್ಟು ಮೊದಲ ರಜೆಗೆ ಬಂದಾಗ ಹೊಲಕ್ಕೆ ಹೋದೆ. ಎರೆನೆಲ ನಿಮಗೆ ಗೊತ್ತಿದ್ದರೆ ಇದೂ ಗೊತ್ತಿರುತ್ತದೆ: ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ತನ್ನೊಳಗೆ ಇಟ್ಟದ್ದರ ಗುರುತು ಉಳಿಸುವುದಿಲ್ಲ. ಮಣ್ಣಿನ ದಿಬ್ಬ ಇಳಿದು ಸಮನಾಗಿತ್ತು. ಅಪ್ಪ ಬೇವಿನ ಮರದಿಂದ ಹೆಜ್ಜೆ ಎಣಿಸುತ್ತ ಬಂದು, ಇಲ್ಲಿ ಎಂದು ತೋರಿಸಿದ. ಅಷ್ಟು ನೆಲವನ್ನು ಅವನು ಬಿತ್ತದೆ ಬಿಟ್ಟಿದ್ದ. ಒಂದು ಕಲ್ಲು ನಿಲ್ಲಿಸೋಣ ಎಂದೆ. ಮುಂದಿನ ರಜೆಗೆ ಎಂದುಕೊಂಡೆವು. ಮುಂದಿನ ರಜೆಯಲ್ಲಿ ಆಯಿ ಹೋಗಿದ್ದಳು. ಅದರ ಮುಂದಿನದರಲ್ಲಿ ಕಾಕಾ. ಅಪ್ಪ ಹೋದಾಗ ನಾನು ಹಿಮದ ಗಡಿಯಲ್ಲಿದ್ದೆ, ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮನೆ ಬಿತ್ತು. ಪಾಲಿನಲ್ಲಿ ಆ ಹೊಲ, ಮೊದಲೇ ಬೇರೆ ಮನೆ ಮಾಡಿದ್ದ ದೊಡ್ಡಪ್ಪನ ಮಕ್ಕಳಿಗೆ ಹೋಗಿ, ಅವರಿಂದ ಬೇರೆ ಊರಿನವರ ಕೈಸೇರಿತು. ಅವರು ಬೇವಿನ ಮರ ಕಡಿದರು.

ಹೋದ ವರ್ಷ ಸೇವೆ ಮುಗಿಸಿ ಬಂದವನು ಆ ಹೊಲದ ಬದುವಿನ ಮೇಲೆ ಹೋಗಿ ನಿಂತೆ. ಕಡಲೆ ಬಿತ್ತಿದ್ದರು, ಹೂ ಹಿಡಿದಿತ್ತು. ಹೊಲದ ಹೊಸ ಯಜಮಾನ ಒಳ್ಳೆಯ ಮನುಷ್ಯ. ಹತ್ತಿರ ಬಂದು, ಯಾರು ಬೇಕಾಗಿತ್ತುರಿ ಎಂದು ಕೇಳಿದ. ನಾನು ಎಲ್ಲಿಂದ ಎಲ್ಲಿಗೆ ಕೈ ಮಾಡಿ ತೋರಿಸಲಿ? ಹಸುರು ಒಂದೇ ಸಮ ಹಬ್ಬಿತ್ತು. ಯಾರೂ ಇಲ್ಲರಿ, ಹಿಂಗ ನಿಂತೀನಿ ಎಂದೆ. ಅವನು ಒಂದು ಹಿಡಿ ಕಡಲೆಸೊಪ್ಪು ಚಿವುಟಿ ನನ್ನ ಕೈಗಿತ್ತು ತನ್ನ ಕೆಲಸಕ್ಕೆ ಹೋದ. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ಆ ನೆಲದ ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕೆಂಬುದು ತಿಳಿಯದೆ, ಹೊತ್ತು ಇಳಿಯುವ ತನಕ ನಿಂತಿದ್ದೆ.